ಹಣೆಗೆ ಪಟ್ಟಿ, ಮನಸ್ಸಿಗೆ ಮಾರ್ಕ್ಸು

ಪರೀಕ್ಷೆ ಎಂದರೆ ಹೆದರುವವರು ಪುಣ್ಯವಂತರು. ನನ್ನದು ಬೇರೆ ಕಾಯಿಲೆ. ಯಾರು ಯಾವ ಪರೀಕ್ಷೆ ಇಟ್ಟರೂ, ಯಾಕೆ ಇಟ್ಟಿರಿ ಎಂದು ಕೇಳದೆ ಕೈಕಟ್ಟಿ ಕೂತು ಪಾಸಾಗಿಬಿಡುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್ ‘ಫಿಂಗರ್ ಆನ್ ಯುವರ್ ಲಿಪ್ಸ್’ ಎಂದರೆ ಮಿಕ್ಕವರು ಬೆರಳ ಸಂದಿಯಲ್ಲೇ ಮಾತಾಡುತ್ತಿದ್ದರು. ನಾನು ಬೆಲ್ ಹೊಡೆದ ಮೇಲೂ ಬೆರಳು ತೆಗೆಯುತ್ತಿರಲಿಲ್ಲ.

ಕೆಲವು ತಿಂಗಳಿಂದ ನನಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಹುರುಳಿಕಾಯಿ ನಾರು ತೆಗೆಯುವಾಗ, ವಿಜಯನಗರ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು “ಯಾಕಕ್ಕಾ, ಸಪ್ಪಗಿದೀರಾ?” ಎಂದಾಗ. ಮನೆಯಲ್ಲಿ ಯಾರೂ ಕೇಳದ್ದನ್ನು ಅವಳು ಕೇಳಿದಳಲ್ಲ ಎಂದು ಬೇಡದಿದ್ದರೂ ಎರಡು ಕಟ್ಟು ಮೆಂತ್ಯ ತಂದೆ. ಕೊನೆಗೆ ಯಜಮಾನರಿಗೆ ಹೇಳಿದೆ, “ರೀ, ಒಬ್ರು ಕೌನ್ಸೆಲರ್ ಹತ್ರ ಹೋಗಿ ಬರೋಣ್ವಾ?” ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಎರಡೇ ದಿನದಲ್ಲಿ ಮನೆಗೆ ಒಂದು ಡಬ್ಬ ಬಂತು. ನ್ಯೂರೋಫೀಡ್‌ಬ್ಯಾಕ್ ಅಂತೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಇಪ್ಪತ್ತು ನಿಮಿಷ ಕೂತರೆ ಮಿದುಳಿನ ಅಲೆಗಳನ್ನು ಓದುತ್ತದೆ. ಮನಸ್ಸು ಶಾಂತವಾದರೆ ಫೋನಿನಲ್ಲಿ ಕಮಲ ಅರಳುತ್ತದೆ, ಚಂಚಲವಾದರೆ ಮುದುಡುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಮಾರ್ಕ್ಸು. “ಒಂದು ತಿಂಗಳು ಮಾಡು. ಕೊನೇ ದಿನ ಐವತ್ತಕ್ಕಿಂತ ಕಮ್ಮಿ ಬಂದ್ರೆ ಕೌನ್ಸೆಲರ್ ಹತ್ರ ಹೋಗೋಣ,” ಎಂದರು. ಅಳುವುದಕ್ಕೂ ಕಟ್‌ಆಫ್.

ಮೊದಲ ದಿನ ಮೂವತ್ತೆಂಟು. ಖುಷಿಪಡಬೇಕಿತ್ತು, ಅವಮಾನವಾಯಿತು. ಆಮೇಲೆ ನೋಡಿದರೆ, ಪೂಜೆಯ ವಿಭೂತಿ ಅಡ್ಡ ಬಂದು ಪಟ್ಟಿಗೆ ನನ್ನ ಹಣೆಯೇ ಸರಿಯಾಗಿ ಸಿಕ್ಕಿರಲಿಲ್ಲ. ಮರುದಿನ ಒರೆಸಿಕೊಂಡು ಕೂತೆ: ಎಪ್ಪತ್ತು. ಅತ್ತೆಯವರಿಗೆ ಸರಿಬರಲಿಲ್ಲ. “ವಿಭೂತಿ ಒರೆಸಿ ಬ್ಯಾಟ್ರಿ ಕಟ್ಕೋತೀಯಲ್ಲಮ್ಮಾ. ಅಳು ಬಂದ್ರೆ ಅತ್ತುಬಿಡು. ನಾವೆಲ್ಲ ಹಿತ್ತಲಲ್ಲಿ ನಿಂತು ಅತ್ತೋರೇ.”

“ಈ ಮನೇಲಿ ಹಿತ್ತಲೇ ಇಲ್ವಲ್ಲತ್ತೆ.”

“ಅದಕ್ಕೇ ಮತ್ತೆ,” ಎಂದರು.

ನನ್ನ ಮಾರ್ಕ್ಸು ದಿನವೂ ಯಜಮಾನರ ಫೋನಿಗೆ ಹೋಗುತ್ತಿತ್ತು. ಎಂಬತ್ತು ಬಂದ ದಿನ ಆಫೀಸಿನಿಂದಲೇ ಕರೆ. “ಇವತ್ತು ಕೂಲಾಗಿದೀಯ. ಅಕ್ಕನ ಮನೆಯೋರ್ನ ಊಟಕ್ಕೆ ಕರೆದಿದೀನಿ, ಏಳು ಜನ.” ಅಂದು ರೊಟ್ಟಿ ಬಡಿಯುತ್ತಾ ಎಷ್ಟು ಅತ್ತೆನೋ, ಅಳೆಯಬೇಕಾದ ಪಟ್ಟಿ ಚಾರ್ಜಿಗೆ ಕೂತಿತ್ತು.

ಕೊನೆಯ ದಿನ ಸೋಮವಾರ. ಅತ್ತೆ ತಾವೇ ಕೈಯಾರೆ ನನ್ನ ಹಣೆಗೆ ಮೂರು ಬೆರಳಗಲ ವಿಭೂತಿ ಬಳಿದು, “ಇವತ್ತೊಂದಿನ ಒರೆಸ್ಬೇಡ ಕಣಮ್ಮಾ. ಆ ಕೌನ್ಸೆಲರ್ ಡಾಕ್ಟರ ಹತ್ರ ಹೋಗಿ ಬಾ,” ಎಂದರು. ವಿಭೂತಿ ಇದ್ದರೆ ಮಾರ್ಕ್ಸು ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೂತೆ ಕೂಡ. ಕಮಲ ಮುದುಡತೊಡಗಿತು. ಎರಡು ನಿಮಿಷ ತಡೆದುಕೊಂಡೆ. ಆಮೇಲೆ ಸೆರಗಿನಿಂದ ಹಣೆ ಉಜ್ಜಿ ಒರೆಸಿ, ಮೊದಲಿನಿಂದ ಶುರುಮಾಡಿದೆ.

ತೊಂಬತ್ನಾಲ್ಕು. ಯಜಮಾನರು ಫೋನಿನಲ್ಲಿ ಹೆಬ್ಬೆರಳು ಕಳಿಸಿದರು. ಕೌನ್ಸೆಲರ್ ಮಾತು ಅಲ್ಲಿಗೆ ಮುಗಿಯಿತು, ಡಬ್ಬ ಅಟ್ಟ ಸೇರಿತು. ಅತ್ತೆ ನನ್ನ ಒರೆಸಿದ ಹಣೆ ನೋಡಿದರು. ನನ್ನನ್ನು ಒಳಗೆ ಬಿಟ್ಟು ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೋದರು. ಹಿತ್ತಲಿಲ್ಲದ ಮನೆಯಲ್ಲಿ ಅವರಿಂದಾದದ್ದು ಅಷ್ಟು. ಅಳಬಹುದಿತ್ತು. ನಾನು ಫೋನು ತೆಗೆದು ಮತ್ತೊಮ್ಮೆ ನೋಡಿದೆ. ಉಳಿದ ಆರು ಎಲ್ಲಿ ಹೋಯಿತು ಎಂದು ಇವತ್ತಿಗೂ ಯೋಚಿಸುತ್ತಿದ್ದೇನೆ.