ಪೂಜೆಗೆ ಕೂತ ಡಾಂಗಲ್

ಆಯುಧಪೂಜೆಗೆ ಡಾಂಗಲನ್ನು ದೇವಿಯ ಮುಂದೆ ಇಟ್ಟವನು ಸ್ವತಃ ಹೂವಪ್ಪನೇ. ಭಕ್ತಿಯಿಂದ ಇಟ್ಟನೆಂದು ಎಲ್ಲರೂ ಹೊಗಳಿದರು. ನಿಜವಾಗಿ ಇಟ್ಟದ್ದು ಬೇಸತ್ತು.

ಎಂಬತ್ತೊಂಬತ್ತನೇ ಇಸವಿ. ಮಾಸ್ತಿಕಟ್ಟೆಯಲ್ಲಿ ಸೇತುವೆ ಗುತ್ತಿಗೆದಾರರೊಬ್ಬರ ಕಚೇರಿ. ಮೂರು ಕೋಣೆ, ಮೂರು ಕಂಪ್ಯೂಟರ್. ನಕ್ಷೆ ಬರೆಯುವ ಪ್ರೋಗ್ರಾಂ ಮೂರರಲ್ಲೂ ಇತ್ತು, ಡಾಂಗಲ್ ಮಾತ್ರ ಒಂದೇ. ಬೆಂಕಿಪೊಟ್ಟಣದ ಗಾತ್ರದ ಆ ಪ್ಲಾಸ್ಟಿಕ್ ತುಂಡನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಪ್ರೋಗ್ರಾಂ ಏಳುತ್ತಿರಲಿಲ್ಲ. ನಕ್ಷೆ ತಿದ್ದುವುದರ ಜೊತೆಗೆ ಅದನ್ನು ಕೋಣೆಯಿಂದ ಕೋಣೆಗೆ ಒಯ್ಯುವುದು, ಯಾರ ಸರದಿಯೆಂದು ಹೇಳುವುದು, ಉಳಿದವರಿಂದ ಬೈಸಿಕೊಳ್ಳುವುದು ಹೂವಪ್ಪನ ಕೆಲಸ. ಈಗ ಹೀಗೆ ಸರದಿ ಹಂಚುವುದಕ್ಕೆ ಬೇರೆ ಯಂತ್ರವಿಟ್ಟು ತಂತಿ ಎಳೆಯುತ್ತಾರಂತೆ. ಆಗ ಯಂತ್ರವೂ ತಂತಿಯೂ ಹೂವಪ್ಪನೇ. ಪೂಜೆಗಿಟ್ಟರೆ ಒಂದು ದಿನವಾದರೂ ಯಾರೂ ಕೇಳುವುದಿಲ್ಲ ಎಂಬುದು ಅವನ ಲೆಕ್ಕ.

ಮಧ್ಯಾಹ್ನ ತೀರ್ಥಹಳ್ಳಿಯಿಂದ ಯಜಮಾನರ ಫೋನು ಬಂತು.

"ಹೂವಪ್ಪ, ಕಂಬದ ನಕ್ಷೆಲಿ ಅಳತೆ ತಪ್ಪಿದೆ. ಸರಿ ಮಾಡಿ ಸಂಜೆ ಬಸ್ಸಿಗೆ ಕೊಟ್ಟು ಕಳ್ಸು. ಇದೊಂದು ಮಾಡ್ಕೊಡು, ನಿನ್ನ ಕೆಲ್ಸ ಕಾಯಂ ಮಾಡ್ತೀನಿ."

ವರ್ಷಗಟ್ಟಲೆ ಕಾದಿದ್ದ ಮಾತು. ಕಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತದೆ. ಕ್ವಾರ್ಟರ್ಸ್ ಸಿಕ್ಕರೆ ಮಾತ್ರ ಹೆಂಡತಿ ವನಮಾಲಾ ಅರಳಸುರಳಿಯ ತವರಿನಿಂದ ಹೊರಡುವುದು. ಹೂವಪ್ಪ ಪೂಜೆಗೆ ಇಟ್ಟಿದ್ದ ಶೆಡ್ಡಿಗೆ ಓಡಿದ.

ಅಲ್ಲಿ ಸ್ಪ್ಯಾನರು, ಡ್ರಿಲ್ಲು, ಜೀಪಿನ ಕೀಲಿಗಳ ನಡುವೆ ಡಾಂಗಲ್ ಮೈತುಂಬ ಗಂಧ ಬಳಿಸಿಕೊಂಡು ಮದುಮಗನ ಹಾಗೆ ಕೂತಿತ್ತು. ಪೂಜೆಯ ಯಜಮಾನಿಕೆ ಮೆಕ್ಯಾನಿಕ್ ಗುತ್ಯಪ್ಪನದು.

"ಗುತ್ಯಪ್ಪಣ್ಣ, ಡಾಂಗಲ್ ಬೇಕಿತ್ತು."

"ನಾಳೆ ಮಂಗಳಾರತಿ ಆಗೋ ತನಕ ತೆಗಿಯಂಗಿಲ್ಲ. ನೀವೇ ಇಟ್ಟಿದ್ದಲ್ವ?"

"ನನ್ನ ಕೆಲ್ಸ ಕಾಯಂ ಆಗೋ ವಿಷ್ಯ ಮಾರಾಯ್ರೆ."

ಕೋಸಂಬರಿ ಹಂಚುತ್ತಿದ್ದ ಮೆಸ್ಸಿನ ಜಲಜಮ್ಮನಿಗೆ ಕರುಳು ಚುರುಕ್ ಎಂದಿತು. "ಜಾಗ ಖಾಲಿ ಬಿಡ್ಬಾರ್ದು ಅಷ್ಟೇ. ಬದಲಿಗೆ ಎಂತಾರು ಇಟ್ಟು ತಗಂಡು ಹೋಗ್ಲಿ, ಪಾಪ."

ಹೂವಪ್ಪ ಜೇಬಿನಲ್ಲಿದ್ದ ಸ್ಕೇಲನ್ನು ಚಾಚಿದ. ಗುತ್ಯಪ್ಪ ಅದನ್ನು ಅನ್ನದಲ್ಲಿ ಸಿಕ್ಕ ಕೂದಲಿನಂತೆ ನೋಡಿದ.

"ಯಾವ್ದು ಇಲ್ದಿದ್ರೆ ಕೆಲ್ಸ ನಿಲ್ತದೋ ಅಂಥದ್ದು ಇಡ್ಬೇಕು. ಸ್ಕೇಲ್ ಇಲ್ದಿದ್ರೆ ಎಂತ ನಿಲ್ತದೆ?"

ಮೂಲೆಯಲ್ಲಿದ್ದ ಎಲೆಕ್ಟ್ರಿಷಿಯನ್ ರಾಮಚಂದ್ರಪ್ಪ ಎದ್ದು ಬಂದ. "ನೀವು ತಗಂಡು ಹೋಗಿ ಹೂವಪ್ನೋರೆ. ಬದಲಿಗೆ ನಾನು ಇಡ್ತೀನಿ."

ಹೂವಪ್ಪನ ಕಣ್ಣು ತುಂಬಿ ಬಂತು. ಏನಿಡುತ್ತೀರಿ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಡಾಂಗಲಿನ ತೂತುಗಳಲ್ಲೆಲ್ಲ ಗಂಧ ಕೂತಿತ್ತು. ಮೆಸ್ಸಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಜಲಜಮ್ಮನ ಪೊರಕೆಯ ಕಡ್ಡಿಯಿಂದ ಒಂದೊಂದೇ ತೂತು ಕೆದಕಿದ. ಊದಿದಾಗ ಕುಂಕುಮ ಕಣ್ಣಿಗೇ ಬಿತ್ತು. ಒಂದೇ ಕಣ್ಣಲ್ಲಿ ದಾರಿ ನೋಡಿಕೊಂಡು ಕಚೇರಿಗೆ ಬಂದು, ಡಾಂಗಲ್ ಸಿಕ್ಕಿಸಿ ಸ್ವಿಚ್ ಒತ್ತಿದ.

ಏನೂ ಆಗಲಿಲ್ಲ. ದೀಪವಿಲ್ಲ, ಫ್ಯಾನಿಲ್ಲ. ಆದರೆ ಎದುರಿನ ಮೆಸ್ಸಿನಲ್ಲಿ ಬಲ್ಬು ಉರಿಯುತ್ತಿತ್ತು. ರಾಮಚಂದ್ರಪ್ಪನನ್ನೇ ಕೇಳಬೇಕೆಂದು ಹೊರಟ. ಡಾಂಗಲನ್ನು ಒಂಟಿಯಾಗಿ ಬಿಟ್ಟು ಹೋದ ಅಭ್ಯಾಸವಿಲ್ಲ, ಅದನ್ನೂ ಕಿತ್ತುಕೊಂಡು ಓಡಿದ.

ಶೆಡ್ಡಿನಲ್ಲಿ ಡಾಂಗಲಿನ ಜಾಗದಲ್ಲಿ ಒಂದು ಬಿಳಿ ಪಿಂಗಾಣಿ ಫ್ಯೂಸು ಸೇವಂತಿಗೆ ಮುಡಿದು ಕೂತಿತ್ತು.

"ನಿಮ್ಮ ಕಚೇರಿದೇ," ಎಂದ ರಾಮಚಂದ್ರಪ್ಪ ಹೆಮ್ಮೆಯಿಂದ. "ಅದಿಲ್ದಿದ್ರೆ ಎಲ್ಲಾ ನಿಲ್ತದಲ್ಲ. ಹೆಂಗೂ ರಜೆ, ಕರೆಂಟ್ ಯಾರಿಗೆ ಬೇಕು ಅಂತ."

"ನನಗೆ ಬೇಕು," ಎಂದ ಹೂವಪ್ಪ. "ಬೇರೆ ಫ್ಯೂಸ್ ಇಲ್ವಾ?"

"ಸಾಮಾನಿನ ಪೆಟ್ಟಿಗೆನೂ ಪೂಜೇಲಿದೆ."

ಗುತ್ಯಪ್ಪ ಸಮಾಧಾನ ಹೇಳಿದ. "ಅದಕ್ಕೆಂತ, ಬದಲಿಗೊಂದು ಇಟ್ರಾತು." ಅವನ ಕಣ್ಣು ಹೂವಪ್ಪನ ಕೈಯ ಮೇಲೆ ಬಿತ್ತು. "ಓ, ತಂದೇಬಿಟ್ಟಿದೀರಿ."

ಹೂವಪ್ಪ ಬಾಯಿ ತೆರೆಯುವುದರೊಳಗೆ ಗುತ್ಯಪ್ಪ ಡಾಂಗಲನ್ನು ಇಸಿದುಕೊಂಡು ದೇವಿಯ ಮುಂದಿಟ್ಟು, ಹೊಸದಾಗಿ ಗಂಧ ಬಳಿದು, ಫ್ಯೂಸನ್ನು ಅವನ ಅಂಗೈಗೆ ಹಾಕಿದ. "ಇನ್ನು ನಾಳೆವರೆಗೆ ಯಾವ್ದನ್ನೂ ಅಲ್ಲಾಡ್ಸಂಗಿಲ್ಲ. ಹೋಗಿ, ಆರಾಮಾಗಿ ಕೆಲ್ಸ ಮಾಡ್ಕಳಿ."

ಕಚೇರಿಯಲ್ಲಿ ದೀಪ ಹತ್ತಿತು. ಕಂಪ್ಯೂಟರೂ ಎದ್ದಿತು, ಎದ್ದು ಡಾಂಗಲ್ ಎಲ್ಲಿ ಎಂದು ಕೇಳಿತು. ಅಷ್ಟರಲ್ಲಿ ಯಜಮಾನರ ಫೋನು.

"ಹೂವಪ್ಪ, ಅಲ್ಲಿ ಕರೆಂಟ್ ಇದೆ ತಾನೆ?"

"ಇದೆ ಸಾರ್," ಎಂದ ಹೂವಪ್ಪ.

ಸಂಜೆ ಬಸ್ಸು ಹಾರನ್ ಹೊಡೆದು ತೀರ್ಥಹಳ್ಳಿಗೆ ಹೊರಟಾಗ ಅವನು ಫ್ಯಾನಿನ ಗಾಳಿಯಲ್ಲಿ ಕೂತು ಜಲಜಮ್ಮ ಕೊಟ್ಟ ಕೋಸಂಬರಿ ತಿನ್ನುತ್ತಿದ್ದ.