ಲೀಲಾಳ ಲೆಟರ್‌ಪ್ಯಾಡು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿರಾದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಆಗ ಪಾವಗಡದ ಹತ್ತಿರದ ಹಳ್ಳಿಯ ಲೀಲಾಳ ಜೊತೆ ನನ್ನ ಮದುವೆ ಗೊತ್ತಾಯಿತು. ಅವಳ ಟೀಚರ್ ಪರೀಕ್ಷೆ ಮುಗಿಯಲಿ ಎಂದು ಹಿರಿಯರು ಲಗ್ನವನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ಆರು ತಿಂಗಳು! ನಿಶ್ಚಿತಾರ್ಥದ ದಿನ ಅವಳು ನನ್ನೊಡನೆ ಆಡಿದ್ದು ಒಂದೇ ಮಾತು: "ಇನ್ನೊಂದು ಒಬ್ಬಟ್ಟು ಹಾಕ್ಲಾ?" ಅದನ್ನೇ ಮೆಲುಕು ಹಾಕುತ್ತಾ ಎಷ್ಟು ದಿನ ಕಳೆಯಲಿ?

ಅವಳಿಂದ ಕಾಗದ ಬರಬೇಕು. ಅದಕ್ಕೆ ಅವಳ ಹೆಸರಿನದೇ ಒಂದು ಲೆಟರ್‌ಪ್ಯಾಡು ಮಾಡಿ ಕಳಿಸುವುದೆಂದು ತೀರ್ಮಾನಿಸಿದೆ. ಇದರಲ್ಲಿ ತಪ್ಪಾಗಲು ಏನಿದೆ?

ನಮ್ಮಲ್ಲಿ ಬೊಡೋನಿ ಎಂಬ ಇಂಗ್ಲಿಷ್ ಅಚ್ಚುಮೊಳೆ ಇತ್ತು. ಡಾಕ್ಟರುಗಳ ಕಾರ್ಡಿಗೆ, ಸಿರಿವಂತರ ಲಗ್ನಪತ್ರಿಕೆಗೆ ಮಾತ್ರ ಹೊರಗೆ ಬರುವ ಮೊಳೆ ಅದು. ಅಕ್ಷರದ ಒಂದು ಗೆರೆ ಕಂಬದಷ್ಟು ದಪ್ಪ, ಇನ್ನೊಂದು ಕೂದಲೆಳೆಯಷ್ಟು ಸಣ್ಣ. ಲೀಲಾಳ ಐದು ಇಂಗ್ಲಿಷ್ ಅಕ್ಷರ ಜೋಡಿಸಿ, ನುಣುಪು ಕಾಗದದ ಮೇಲೆ ಒಂದು ಪ್ರೂಫ್ ತೆಗೆದೆ. ಆಹಾ! ಊಟದ ಹೊತ್ತು ಮೀರುವವರೆಗೂ ನೋಡುತ್ತಾ ನಿಂತೆ.

ಪ್ಯಾಡಿಗೆ ಸಿಕ್ಕಿದ್ದು ಮಾತ್ರ ಒರಟು ಕಾಗದ. ಪ್ರೆಸ್ಸಿನ ಯಜಮಾನರಾದ ಸಾಹೇಬರು ಎಚ್ಚರಿಸಿದರು: "ಅರೇ ಭಾಯ್, ಈ ಕಾಗ್ದದ ಮೇಲೆ ಆ ಸಣ್ಣ ಗೆರೆ ಮೂಡಲ್ಲ. ಬೇರೆ ಮೊಳೆ ಹಾಕು."

"ಮೂಡ್ತದೆ ಬುಡಿ ಸಾಹೇಬ್ರೇ!"

ನೂರು ಹಾಳೆ ಹೊಡೆದೆ. ನನ್ನ ಕಣ್ಣಿಗೆ ಪ್ರತಿ ಹಾಳೆಯಲ್ಲೂ ಲೀಲಾ ಪೂರ್ತಿಯಾಗಿ ಕಾಣುತ್ತಿದ್ದಳು! ಹುಡುಗಿಯ ಹೆಸರಿಗೇ ಕಳಿಸಿದರೆ ಮನೆಯವರು ಏನೆಂದುಕೊಂಡಾರೋ ಎಂದು ಅದೇ ಮನೆಯಲ್ಲಿದ್ದ ಅವಳ ಸೋದರಮಾವನ ವಿಳಾಸ, ಕೆಳಗೆ ನನ್ನ ಹೆಸರು, ಇಷ್ಟೇ ಬರೆದು ಅಂಚೆಗೆ ಹಾಕಿದೆ.

ತಿಂಗಳಾಯಿತು. ಅಂಚೆಯವನ ಸೈಕಲ್ ಕಂಡರೆ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಅವನು ದೂರದಿಂದಲೇ 'ಇಲ್ಲ' ಎಂದು ಕೈಯಾಡಿಸತೊಡಗಿದ. ಎರಡನೇ ತಿಂಗಳು ಊಟವೂ ಸೇರಲಿಲ್ಲ. ಅವಳಿಗೆ ನಾನು ಹಿಡಿಸಲಿಲ್ಲವೇ? ತಡೆಯಲಾರದೆ ಪಾವಗಡದ ಬಸ್ಸು ಹತ್ತಿದೆ.

ಲೀಲಾಳ ಮನೆಯ ಜಗಲಿಯ ಮೇಲೆ ಸೋದರಮಾವ ಕೂತಿದ್ದರು. ದೊಡ್ಡ ಕುರಿಮಂದೆಯ ಒಡೆಯರು. ಅವರ ತೊಡೆಯ ಮೇಲೆ ನನ್ನ ಪ್ಯಾಡು!

"ಬರ್ರಿ ಅಳಿಯಂದ್ರೇ! ಕುರಿ ಎಣ್ಸಾಕೆ ಪುಸ್ತಕ ಕಳ್ಸಿದ್ರಲ್ಲ, ಚಾಲಾ ಬಾಗುಂದಿ, ಭಾಳ ಚೆನ್ನಾಗೈತೆ! ಹಾಳೆ ಹಾಳೆಗೂ ಮೊದಲ್ನೇ ಐದು ನೀವೇ ಹಾಕ್ಬುಟ್ಟಿದೀರ. ಅಲ್ಲಿಂದ ಮುಂದುಕ್ಕೆ ನಾನು ಗೆರೆ ಎಳ್ಕೊಂಡ್ ಹೋಯ್ತೀನಿ."

ನೋಡಿದೆ. ಸಣ್ಣ ಗೆರೆ ಒಂದೂ ಮೂಡಿರಲಿಲ್ಲ. ಎಲ್, ಇ, ಇ, ಎಲ್ ನಾಲ್ಕೂ ಬರೀ ನೆಟ್ಟ ಕಂಬ. ಕೊನೆಯ ಎ ಒಂದು ಓರೆ ಕಾಲು. ಕುರಿ ಲೆಕ್ಕದಲ್ಲಿ ನಾಲ್ಕು ನೆಟ್ಟ ಗೆರೆ, ಐದನೆಯದು ಓರೆ; ಯಾರು ನೋಡಿದರೂ ಐದು ಕುರಿ!

ಬಾಗಿಲ ಹಿಂದೆ ನಿಂತಿದ್ದ ಲೀಲಾಳಿಗೆ, "ಅದು ನಿನ್ನ ಹೆಸರು. ನೀನು ಕಾಗದ ಬರೀಲಿ ಅಂತ..." ಎಂದು ತೊದಲಿದೆ. ಸೆರಗು ಬಾಯಿಗೊತ್ತಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಮೆಲ್ಲಗೆ ಅಂದಳು:

"ಮಾವಂಗೆ ಕಳ್ಸಿದ್ದು ಅಂದ್ಕೊಂಡೆ. ನಾನೂ ದಿನಾ ಪೋಸ್ಟಿನೋರ ದಾರಿ ಕಾಯ್ತಿದ್ದೆ. ನೀವೇ ಒಂದು ಕಾಗ್ದ ಬರ್ದಿದ್ರೆ ಏನಾಯ್ತಿತ್ತು?"

ಹೌದಲ್ಲ! ಆ ಉಪಾಯ ನನಗೆ ಹೊಳೆದೇ ಇರಲಿಲ್ಲ.

ಶಿರಾಕ್ಕೆ ಮರಳಿದವನೇ ನನ್ನ ಬಾಡಿಗೆ ಕೋಣೆಯಲ್ಲಿ ಇನ್‌ಲ್ಯಾಂಡ್ ಲೆಟರ್ ಬಿಡಿಸಿ ಕುಳಿತೆ. ಎದೆಯಲ್ಲಿ ಎರಡು ತಿಂಗಳ ಮಾತು ತುಂಬಿತ್ತು. ಊರವರ ಮಾತನ್ನೆಲ್ಲ ಜೋಡಿಸಿದ ಕೈಗೆ ಸ್ವಂತದ್ದು ಒಂದು ಸಾಲೂ ಬರಲೊಲ್ಲದು. ಗಂಟೆಗಟ್ಟಲೆ ಒದ್ದಾಡಿ, ಕೊನೆಗೆ ಬರೆದೆ: "ಇಲ್ಲಿ ಎಲ್ಲರೂ ಕ್ಷೇಮ."

ಕೋಣೆಯಲ್ಲಿದ್ದವನು ನಾನೊಬ್ಬನೇ!