ನೀಲಿಯವರು ಮತ್ತು ಬಚ್ಚಲ ಕಂಬಿ

ಮನುಷ್ಯರು ತಪ್ಪು ಮಾಡಿದರೆ ಬೈಯಬಹುದು. ಅವರೂ ತಿರುಗಿ ಬೈಯುತ್ತಾರೆ, ಇಬ್ಬರ ಹೊಟ್ಟೆಯೂ ತಣ್ಣಗಾಗುತ್ತದೆ. ಯಂತ್ರಕ್ಕೆ ಬೈದರೆ ಆ ಸುಖವಿಲ್ಲ. ಐವತ್ನಾಲ್ಕು ದಾಟಿದ, ಹೊನ್ನಾಳಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕ ಎಂದು ನಾಲ್ಕು ಜನ ನಮಸ್ಕಾರ ಮಾಡುವ ಮನುಷ್ಯ, ಮಟಮಟ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತು "ಅಯ್ಯೋ ದಡ್ಡ ಶಿಖಾಮಣಿಗಳಾ, ಮೊದಲು ಅದನ್ನು ಕಲಿಯಿರಿ!" ಎಂದು ಕಿರುಚುವುದು ಶೋಭೆಯಲ್ಲ ಎಂದು ನನಗೂ ಗೊತ್ತು. ಆದರೂ ಕಿರುಚುತ್ತೇನೆ. ಪಕ್ಕದ ಮನೆಯವರು ನಾನು ರಜೆಯಲ್ಲಿ ಟ್ಯೂಷನ್ ಶುರು ಮಾಡಿದ್ದೇನೆ ಎಂದುಕೊಂಡಿದ್ದರು. ಒಂದು ದಿನ ತಮ್ಮ ಮಗಳನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿಕೊಂಡೇ ಬಂದರು.

ಈ ಗೀಳು ಹತ್ತಿಸಿದವರು ಗಣಿತದ ಹಾಲೇಶ್. ಚನ್ನಗಿರಿಯಿಂದ ನಮ್ಮ ಕಾಲೇಜಿಗೆ ವರ್ಗವಾಗಿ ಬಂದವರು. ಬೇಸಿಗೆ ರಜೆ ಶುರುವಾಗುವ ದಿನ ನನ್ನ ಲ್ಯಾಪ್‌ಟಾಪಿಗೆ ಒಂದು ಆಟ ತುಂಬಿಕೊಟ್ಟು, "ಇದು ಬರೀ ಹೊಡೆದಾಟ ಅಲ್ರೀ ಸರ್, ತಲೆ ಓಡಿಸಾಕೆ ಐತೆ" ಎಂದರು. ಆಟ ಹೀಗೆ: ಆಕಾಶದ ಒಂದು ಮೂಲೆಯಲ್ಲಿ ನಿಮಗೊಂದು ಗ್ರಹ, ಇನ್ನೊಂದು ಮೂಲೆಯಲ್ಲಿ ಕಂಪ್ಯೂಟರಿಗೊಂದು ಗ್ರಹ. ನಮ್ಮದು ಕೆಂಪು, ಅವರದು ನೀಲಿ. ಎರಡೂ ಕಡೆ ವಿಜ್ಞಾನಿಗಳಿದ್ದಾರೆ. ಒಂದು ಸಲಕ್ಕೆ ಒಂದೇ ವಿಷಯದ ಸಂಶೋಧನೆ. ಗೊಬ್ಬರ ಬೇಕೋ, ಗಣಿ ಬೇಕೋ, ಫಿರಂಗಿ ಬೇಕೋ ನೀವೇ ಆರಿಸಬೇಕು. ಇಂತಿಷ್ಟು ಸರದಿ ಕಳೆದ ಮೇಲೆ ಆ ವಿದ್ಯೆ ನಿಮ್ಮದು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗುವ ಹಡಗು. ಅದೊಂದು ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಕಲಿತರೂ ಮನೆಯಲ್ಲೇ ಕೂತಿರಬೇಕು.

ನಾನು ಆ ಹಡಗನ್ನೇ ಮೊದಲು ಹಿಡಿದೆ. ನಲವತ್ತು ಸರದಿ ಬೇಕಾಯಿತು, ತಾಳ್ಮೆಯಿಂದ ಕಾದೆ. ಹಡಗು ಹತ್ತಿ ನೀಲಿಯವರ ಕಡೆ ಹೋಗಿ ಗೂಢಚಾರರನ್ನು ಬಿಟ್ಟು ನೋಡಿದರೆ, ಆ ಮಹಾನುಭಾವರು ಕಲಿತಿದ್ದೇನು ಗೊತ್ತೇ? ಉತ್ತಮ ಗೊಬ್ಬರ. ಅದಾದ ಮೇಲೆ ಅತ್ಯುತ್ತಮ ಗೊಬ್ಬರ. ಆಮೇಲೆ ಸಮುದ್ರದೊಳಗಿನ ಬೇಸಾಯ. ಅವರ ಗ್ರಹದಲ್ಲಿ ಸಮುದ್ರ ಹೋಗಲಿ, ಕುಡಿಯುವ ನೀರಿಗೇ ತತ್ವಾರ! ಇಂಥವು ಹದಿನೇಳು ವಿದ್ಯೆ ಕಲಿತಿದ್ದರು, ಹಡಗು ಮಾತ್ರ ಇಲ್ಲ. ನೂರು ಸರದಿ ಕಳೆಯಿತು, ಇನ್ನೂರು ಕಳೆಯಿತು, ಹಡಗಿನ ಸುದ್ದಿಯೇ ಇಲ್ಲ. ಒಮ್ಮೆ ಸಿಟ್ಟಿಗೆ ಒಂದು ಫಿರಂಗಿ ಹಾರಿಸಿದೆ. ಅವರು ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಆ ಫಿರಂಗಿ ತಡೆಯುವ ಗುರಾಣಿ ಕಲಿಯಲು ಕೂತರು. ಅದು ಮುಗಿದ ಮೇಲೆ ಮತ್ತೆ ಗೊಬ್ಬರ.

ತಡೆಯಲಾರದೆ ಹಾಲೇಶರಿಗೆ ಫೋನ್ ಮಾಡಿದೆ. "ಅದನ್ನ ಬರೆದಿರೋದೇ ಹಂಗೆ ಸರ್" ಎಂದರು. "ಯಾವುದು ಬೇಗ ಮುಗೀತದೋ ಅದು ಮೊದಲು. ಏಟು ಬಿದ್ರೆ, ಏಟು ಬಿದ್ದ ಜಾಗ ಮೊದಲು."

"ಮುಖ್ಯವಾದದ್ದು ಯಾವಾಗ್ರೀ ಮಾಡೋದು?"

"ಮುಖ್ಯ ಯಾವುದು ಅಂತ ಅದಕ್ಕೆ ಹೆಂಗೆ ಗೊತ್ತಾಗಬೇಕು? ಯಾರಾದ್ರೂ ಹೇಳಬೇಕಲ್ರೀ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಯಂತ್ರ, ಇಷ್ಟು ಲೆಕ್ಕಾಚಾರ, ಕೊನೆಗೆ ಬುದ್ಧಿ ಇಷ್ಟೇನಾ ಎನ್ನಿಸಿತು. ಇಲ್ಲೊಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಇಪ್ಪತ್ತೆಂಟು ವರ್ಷಗಳಿಂದ ಪರೀಕ್ಷೆಯ ಹಿಂದಿನ ದಿನ ನಾನು ಮಕ್ಕಳಿಗೆ ಹೇಳುತ್ತ ಬಂದಿರುವುದು, "ಸುಲಭದ ಪ್ರಶ್ನೆ ಮೊದಲು ಬರೆಯಿರಿ, ಕಷ್ಟದ್ದು ಕೊನೆಗೆ ನೋಡಿಕೊಳ್ಳಿ" ಎಂದು. ಕೊನೆಗೆ ಗಂಟೆ ಹೊಡೆಯುತ್ತದೆ, ಕಷ್ಟದ್ದು ಹಾಗೇ ಉಳಿಯುತ್ತದೆ. ನೀಲಿಯವರು ನನ್ನ ಹಳೆಯ ವಿದ್ಯಾರ್ಥಿಗಳೇ ಇರಬೇಕು ಎಂಬ ಅನುಮಾನ ಆಗ ಬರಬೇಕಿತ್ತು, ಬರಲಿಲ್ಲ.

ಈ ರಜೆಯಲ್ಲಿ ನನ್ನ ಆಟಕ್ಕೆ ಒಬ್ಬರೇ ಪ್ರೇಕ್ಷಕರು, ನಮ್ಮ ಅತ್ತೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲೆಂದು ಮಗಳ ಮನೆಗೆ ಬಂದಿದ್ದರು. ನನ್ನ ಹೆಂಡತಿ ಗಿರಿಜಾ ಬೆಳಿಗ್ಗೆಯೇ ಬಸ್ಸು ಹಿಡಿದು ನ್ಯಾಮತಿಯ ತನ್ನ ಕಚೇರಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಅತ್ತೆ ಹಳೆಯ ಕಾಲದವರು. ಅಳಿಯನೆದುರು ಸೋಫಾದ ಮೇಲೆ ಕೂರುವುದಿಲ್ಲ. ಅಡುಗೆಮನೆಯ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ನನ್ನ ಹೆಸರು ಹೇಳುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಳಿಯನಿಗೆ ಒಂದು ಕೆಲಸ ಹೇಳುವುದಿಲ್ಲ. ಫ್ಯಾನ್ ಹಾಕಿ ಎಂದು ಹೇಳಬೇಕಾದರೂ ಸಂಜೆ ಮಗಳು ಬರುವವರೆಗೆ ಬೆವರುತ್ತ ಕೂತಿರುತ್ತಾರೆ. ಈ ಮರ್ಯಾದೆ ನನಗೆ ತುಂಬ ಹಿತವಾಗಿತ್ತು.

ನೀಲಿಯವರ ಮೇಲೆ ಮಾತ್ರ ಅವರಿಗೆ ಮರುಕ. "ಪಾಪ, ಅವ್ರಿಗೆ ಏನಾಗೈತ್ರೀ? ದಿನಾ ಗೊಬ್ಬರಾನೇ ಮಾಡ್ತಾರಲ್ಲ" ಎಂದು ಕೇಳಿದರು. ನಾನು ಹಾಲೇಶರ ವಿವರಣೆಯನ್ನು ಒಪ್ಪಿಸಿದೆ. ಅತ್ತೆ, "ನಮ್ಮ ಕಡೆ ಕುರಿ ಹೊಡ್ಕೊಂಡು ಹೋಗೋರು, ಮುಂದಿನ ಊರಾಗೆ ನೀರು ಐತೋ ಇಲ್ವೋ ಮೊದಲು ಕೇಳ್ಕೋತಾರೆ. ಆಮೇಲೆ ಬುತ್ತಿ, ಆಮೇಲೆ ಕಂಬಳಿ" ಎಂದರು. ಒಂದು ಮಾತಿನಲ್ಲಿ ಮುಗಿಯಿತು. ಈ ಬುದ್ಧಿ ಆಟ ಬರೆದವರಿಗೆ ಯಾಕಿಲ್ಲ ಎಂದು ನಾನು ಇನ್ನಷ್ಟು ಕೂಗಾಡಿದೆ.

ಈಗ ಫ್ರಿಜ್ಜಿನ ಬಾಗಿಲಿಗೆ ಬರೋಣ. ರಜೆಯ ಮೊದಲ ದಿನವೇ ಗಿರಿಜಾ ಅಲ್ಲೊಂದು ಚೀಟಿ ಅಂಟಿಸಿದ್ದಳು. ನಾನು ಮಾಡಬೇಕಾದ ಏಳು ಕೆಲಸ. ಮೊದಲನೆಯದು, ಬಚ್ಚಲಮನೆಯಲ್ಲಿ ಅಮ್ಮನಿಗೆ ಹಿಡಿದುಕೊಂಡು ಏಳಲು ಒಂದು ಕಂಬಿ ಹಾಕಿಸುವುದು. ಉಳಿದ ಆರು ಚಿಲ್ಲರೆ: ಗಡಿಯಾರಕ್ಕೆ ಸೆಲ್ಲು, ಕ್ಯಾಲೆಂಡರಿಗೆ ಮೊಳೆ, ಕುಕ್ಕರ್ ಹಿಡಿಯ ಸ್ಕ್ರೂ, ಹಿತ್ತಲ ಚಿಲಕಕ್ಕೆ ಎಣ್ಣೆ, ಇಂಥವು. ಕಂಬಿ ಎಂದರೆ ಅಂಗಡಿಗೆ ಹೋಗಬೇಕು, ಪ್ಲಂಬರನ್ನು ಹುಡುಕಬೇಕು, ಅವನು ಬರುತ್ತೇನೆಂದ ದಿನ ಬರುವುದಿಲ್ಲ, ಬಂದ ದಿನ ಡ್ರಿಲ್ ತಂದಿರುವುದಿಲ್ಲ. ಮೊಳೆ ಎಂದರೆ ಎರಡು ಏಟು. ನಾನು ಮೊಳೆ ಹೊಡೆದೆ. ಸೆಲ್ಲು ಹಾಕಿದೆ. ಎಣ್ಣೆ ಬಿಟ್ಟೆ. ಒಂದೊಂದು ಮುಗಿದಾಗಲೂ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಎದೆಯುಬ್ಬಿಸಿ ನಿಂತೆ. ಆರು ಮುಗಿದಾಗ, ಚೀಟಿಯಲ್ಲಿಲ್ಲದ ಕೊಡೆ ರಿಪೇರಿ ಹುಡುಕಿಕೊಂಡೆ. ಗಿರಿಜಾ ಕೇಳಿದರೆ, "ಏಳರಲ್ಲಿ ಆರು ಆಯ್ತಲ್ಲ, ಶೇಕಡಾ ಎಂಬತ್ತೈದರ ಮೇಲೆ ಬಂತು. ಡಿಸ್ಟಿಂಕ್ಷನ್!" ಎಂದೆ. ಅತ್ತೆ ಕಂಬಿಯ ಮಾತೇ ಎತ್ತಲಿಲ್ಲ. ಅಳಿಯನಿಗೆ ಕೆಲಸ ಹೇಳುವ ಪೈಕಿಯೇ ಅಲ್ಲವಲ್ಲ.

ಒಂದು ಗುರುವಾರ ನಾನು ನೀಲಿಯವರಿಗೆ ಎಂದಿನಂತೆ ಬೈಯುತ್ತಿದ್ದಾಗ ಬಚ್ಚಲಿನಿಂದ ದಡ್ ಎಂದು ಶಬ್ದ ಬಂತು. ಅದರ ಹಿಂದೆಯೇ ನೀರು ಚಿಮ್ಮುವ ಸದ್ದು. ಓಡಿದೆ. ಬಾಗಿಲು ಬಡಿದೆ. ಒಳಗಿನಿಂದ ಅತ್ತೆಯ ದನಿ: "ಏನೂ ಆಗಿಲ್ರೀ. ನೀವು ಆಡ್ರಿ." ಜಾರಿದಾಗ ಅವರು ನಲ್ಲಿಯನ್ನು ಹಿಡಿದಿದ್ದರು, ಆ ಪ್ಲಾಸ್ಟಿಕ್ ನಲ್ಲಿ ಕಿತ್ತು ಕೈಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಒದ್ದೆ ಸೀರೆಯಲ್ಲೇ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಡಗೈ ಮಣಿಕಟ್ಟು ಊದಿತ್ತು. ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂಳೆ ಮುರಿದಿಲ್ಲ, ಬರೀ ಉಳುಕು ಎಂದು ಪಟ್ಟಿ ಕಟ್ಟಿದರು. ನನಗೆ ನಾಚಿಕೆಯೋ ನಾಚಿಕೆ. ಮನೆಗೆ ಬಂದವನೇ ಅವರನ್ನು ಮಲಗಿಸಿ ಬಸ್ ನಿಲ್ದಾಣದ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ದೌಡಾಯಿಸಿದೆ. ಪ್ಲಂಬರನ ಎದುರು ಗಟ್ಟಿಯಾಗಿ ನಿಂತು ಕೈಹಿಡಿದು ಕರೆತಂದೆ. ಸಂಜೆ ಗಿರಿಜಾ ಬರುವಷ್ಟರಲ್ಲಿ ಕೆಲಸ ಮುಗಿಸಿದ್ದೆ.

"ಬಾ, ನೋಡು" ಎಂದು ಬಚ್ಚಲಿಗೆ ಕರೆದೆ. "ಅಪ್ಪಟ ಸ್ಟೀಲು. ಇನ್ನು ಆನೆ ಹಿಡಿದು ಎಳೆದರೂ ಕಿತ್ತು ಬರಲ್ಲ."

ಗಿರಿಜಾ ನೋಡಿದಳು. ನನ್ನನ್ನೂ ನೋಡಿದಳು. "ರೀ, ಇದು ನಲ್ಲಿ" ಎಂದಳು.

ಹೌದು, ನಾನು ಹೊಸ ನಲ್ಲಿ ಹಾಕಿಸಿದ್ದೆ. ಏಟು ಬಿದ್ದ ಜಾಗ ಮೊದಲು. ಅಂಗಡಿಯಲ್ಲಿ ನನ್ನ ತಲೆಯಲ್ಲಿ ಚಿಮ್ಮುತ್ತಿದ್ದ ನೀರು ಬಿಟ್ಟು ಬೇರೇನೂ ಇರಲಿಲ್ಲ. ಗಿರಿಜಾ ಬೈಯಲಿಲ್ಲ, ಚೀಟಿಯ ಮೊದಲನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಕಂಬಿ ಬಂತು. ಪ್ಲಂಬರ್ "ಎಷ್ಟು ಎತ್ತರಕ್ಕೆ ಸಾರ್?" ಎಂದ. ನಾನು ಬಚ್ಚಲಲ್ಲಿ ನಿಂತು, ಬೀಳುವವನಂತೆ ವಾಲಿ, ಕೈ ಎಲ್ಲಿಗೆ ಹೋಯಿತೋ ಅಲ್ಲಿ ಗುರುತು ಹಾಕಿಕೊಟ್ಟೆ. ಪ್ರಯೋಗ ಮಾಡಿಯೇ ಅಳತೆ ತೆಗೆಯಬೇಕು, ಭೌತಶಾಸ್ತ್ರದವನಲ್ಲವೇ. ಚೀಟಿಯ ಏಳನೆಯ ಗೆರೆಯನ್ನೂ ಎಳೆದು, ನೂರಕ್ಕೆ ನೂರು ಎಂದು ಬರೆದೆ. ಒಂದು ವಾರ ಆ ಹೆಮ್ಮೆಯಲ್ಲೇ ಇದ್ದೆ. ಎಂಟನೆಯ ದಿನ ಗಮನಿಸಿದೆ, ಕಂಬಿಯ ಮೇಲೆ ಅತ್ತೆಯ ಟವೆಲು ಒಣಗುತ್ತಿತ್ತು. ಅದರ ಪಕ್ಕದಲ್ಲಿ ನನ್ನದು, ಗಿರಿಜಾಳದು. ಆರಡಿಯ ನಾನು ನಿಂತು ಹಿಡಿಯುವ ಎತ್ತರದಲ್ಲಿ ಕಂಬಿ ಇತ್ತು. ಐದಡಿಗೂ ಕಡಿಮೆಯ ಅತ್ತೆ, ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವ ಅತ್ತೆ, ಎಂಟು ದಿನದಿಂದ ಹೊಸ ನಲ್ಲಿಯನ್ನೇ ಹಿಡಿದುಕೊಂಡು ಏಳುತ್ತಿದ್ದರು.

ಆಗ ನಾನು ಮೊದಲನೆಯ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. "ಅತ್ತೆ, ಕಂಬಿ ಎಲ್ಲಿಗೆ ಬೇಕು ನಿಮಗೆ?" ಅವರು ಬಹಳ ಸಂಕೋಚಪಟ್ಟರು. "ಇರಲಿ ಬಿಡ್ರಿ, ಬಟ್ಟೆ ಹಾಕಾಕೆ ಚಲೋ ಐತೆ" ಎಂದರು. ನಾನು ಬಿಡಲಿಲ್ಲ. ಕೊನೆಗೆ ಸ್ಟೂಲಿನ ಮೇಲೆ ಕೂತು, ಪಟ್ಟಿ ಕಟ್ಟಿದ ಕೈಯನ್ನು ಚಾಚಿ ಗೋಡೆಯ ಮೇಲೆ ಒಂದು ಜಾಗ ಮುಟ್ಟಿ, "ಇಲ್ಲಿಗೆ ಹಾಕಿಸ್ರಿ" ಎಂದರು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಅವರು ನನಗೆ ಹೇಳಿದ ಮೊದಲ ಕೆಲಸ. ಪ್ಲಂಬರ್ ಮೂರನೆಯ ಸಲ ಬಂದ. ಹಳೆಯ ಕಂಬಿಯ ನಾಲ್ಕು ತೂತು ಟೈಲ್ಸಿನ ಮೇಲೆ ಹಾಗೇ ಉಳಿದಿವೆ. ದಿನಾ ಬೆಳಿಗ್ಗೆ ಸರಿಯಾಗಿ ನನ್ನ ಮುಖದ ನೇರಕ್ಕೆ ಕಾಣುತ್ತವೆ.

ಅಂದು ಮಧ್ಯಾಹ್ನ ಆಟ ತೆರೆದೆ. ಬೈಯುವ ಉತ್ಸಾಹ ಅಷ್ಟಾಗಿ ಇರಲಿಲ್ಲ. ಮುನ್ನೂರ ಹನ್ನೆರಡನೆಯ ಸರದಿ ಒತ್ತಿದ್ದೇ ತಡ, ಪರದೆಯ ಅಂಚಿನಲ್ಲಿ ಏನೋ ಮಿನುಗಿತು. ಒಂದೇ ಒಂದು ಹಡಗು, ನೀಲಿ ಬಣ್ಣದ್ದು. ಫಿರಂಗಿ ಇಲ್ಲ, ಗುರಾಣಿ ಇಲ್ಲ, ಹೊಟ್ಟೆ ತುಂಬ ಗೊಬ್ಬರ ಹೇರಿಕೊಂಡು ನನ್ನ ಗ್ರಹದ ಕಡೆ ಮೆಲ್ಲಗೆ ಬರುತ್ತಿತ್ತು. ನನ್ನ ಹನ್ನೆರಡು ಫಿರಂಗಿಗಳು ಸಿದ್ಧವಾಗಿದ್ದವು.

ಅತ್ತೆ ಸ್ಟೂಲನ್ನು ಎರಡು ಮಾರು ಮುಂದಕ್ಕೆ ಎಳೆದುಕೊಂಡು ಬಂದು ಪರದೆಯನ್ನು ಇಣುಕಿ ನೋಡಿದರು. "ಅಯ್ಯೋ, ಬಂದೇಬಿಟ್ರಲ್ರೀ, ಪಾಪ" ಎಂದು ನಕ್ಕರು. "ಯಾರೋ ಹೇಳಿರಬೇಕು."

ಫಿರಂಗಿ ಹಾರಿಸಲು ನನಗೆ ಕೈ ಬರಲಿಲ್ಲ. ಎಷ್ಟೆಂದರೂ ನಮ್ಮವರು.